ಬಾಯಿ ಮುಚ್ಚಿಸಲು ಎಲ್ಲರನ್ನೂ ಜೈಲಿಗೆ ಹಾಕಬೇಕಿಲ್ಲ

ತನ್ನನ್ನು ಒಪ್ಪದವರನ್ನೆಲ್ಲ ಜೈಲಿಗೆ ಹಾಕಲು ಯಾವ ಸರ್ಕಾರಕ್ಕೂ ಆಗುವುದಿಲ್ಲ. ಅಷ್ಟು ಜೈಲುಗಳಿಲ್ಲ, ಅಷ್ಟು ಪೊಲೀಸರೂ ಇಲ್ಲ. ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಇಲಾಖೆ ಸ್ಟಾಸಿಯನ್ನೇ ನೋಡಿ. 1989ರಲ್ಲಿ ಅದರಲ್ಲಿ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು. ಅವರಲ್ಲದೆ, ನೆರೆಹೊರೆಯವರ ಬಗ್ಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವವರು 1,70,000ಕ್ಕೂ ಜಾಸ್ತಿ. ದೇಶದ ಜನಸಂಖ್ಯೆ ಸುಮಾರು 1.6 ಕೋಟಿ ಮಾತ್ರ. ತನ್ನದೇ ಜನರ ಮೇಲೆ ಇಷ್ಟು ದಟ್ಟವಾಗಿ ಕಣ್ಣಿಟ್ಟ ಇಲಾಖೆ ಇತಿಹಾಸದಲ್ಲೇ ಅಪರೂಪ. ಆದರೂ ಅದು ಜೈಲಿಗೆ ಕಳಿಸಿದ್ದು ಜನರಲ್ಲಿ ಸಣ್ಣದೊಂದು ಪಾಲನ್ನು. ಉಳಿದವರು ತಾವಾಗಿಯೇ ಸುಮ್ಮನಿದ್ದರು.

ಭಿನ್ನಮತವನ್ನು ಅಡಗಿಸುವ ಕೆಲಸ ನಡೆಯುವುದೇ ಹೀಗೆ. ಕೆಲವರನ್ನು ಹಿಡಿದು ಶಿಕ್ಷಿಸಿದರೆ ಸಾಕು, ಮಿಕ್ಕವರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಕೆಲಸ ಹೋದರೆ? ಮಕ್ಕಳ ಓದಿಗೆ ತೊಂದರೆಯಾದರೆ? ಅಕ್ಕಪಕ್ಕದವರು ಮಾತು ಬಿಟ್ಟರೆ? ಇಷ್ಟೆಲ್ಲ ಯೋಚಿಸಿದ ಮೇಲೆ 'ನಮಗ್ಯಾಕೆ ಊರ ಉಸಾಬರಿ' ಅನ್ನುವುದೇ ಸುರಕ್ಷಿತ ಅನ್ನಿಸುತ್ತದೆ. ಮಾತಾಡಿದರೆ ತೆರಬೇಕಾದ ಬೆಲೆಯನ್ನು ಏರಿಸುತ್ತಾ ಹೋಗುವುದು, ಉಳಿದದ್ದನ್ನು ಜನರ ಲೆಕ್ಕಾಚಾರಕ್ಕೇ ಬಿಡುವುದು. ಸರ್ಕಾರ ಮಾಡುವುದೂ ಇದನ್ನೇ, ಸಮಾಜ ಮಾಡುವುದೂ ಇದನ್ನೇ. ಇಬ್ಬರ ಕೈಲಿರುವ ಸಾಧನಗಳು ಬೇರೆ, ಅಷ್ಟೇ. ಎಷ್ಟೋ ಸಲ ಇಬ್ಬರೂ ಒಬ್ಬರಿಗೊಬ್ಬರು ಕೈ ಜೋಡಿಸುತ್ತಾರೆ.

ಮೊದಲ ದನಿಯ ಮೇಲೇ ಯಾಕೆ ಕಣ್ಣು?

ಒಂದು ದೊಡ್ಡ ಸರ್ಕಾರ ಒಬ್ಬ ಸಾಮಾನ್ಯ ಮೇಷ್ಟರನ್ನೋ, ಒಬ್ಬ ಕವಿಯನ್ನೋ ಕಂಡು ಹೆದರುವುದು ನೋಡಿದರೆ ನಗು ಬರಬಹುದು. ಸೈನ್ಯ ಇದೆ, ಖಜಾನೆ ಇದೆ, ಒಬ್ಬನ ಮಾತಿಗೆ ಯಾಕಿಷ್ಟು ಗಾಬರಿ? ಇದಕ್ಕೆ ಉತ್ತರ 1950ರ ದಶಕದ ಒಂದು ಮನೋವಿಜ್ಞಾನದ ಪ್ರಯೋಗದಲ್ಲಿ ಸಿಗುತ್ತದೆ.

ಅಮೆರಿಕದ ಸೋಲಮನ್ ಆಶ್ ಒಂದು ಕೋಣೆಯಲ್ಲಿ ಕೆಲವರನ್ನು ಕೂರಿಸಿ ಒಂದು ಗೆರೆ ತೋರಿಸಿದರು. ಪಕ್ಕದಲ್ಲಿ ಮೂರು ಗೆರೆಗಳು. ಅವುಗಳಲ್ಲಿ ಯಾವುದು ಮೊದಲಿನ ಗೆರೆಯಷ್ಟೇ ಉದ್ದ ಇದೆ ಎಂದು ಹೇಳಬೇಕು. ಕಣ್ಣಿದ್ದವರಿಗೆ ಸಲೀಸಾದ ಪ್ರಶ್ನೆ. ಆದರೆ ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಅವರ ಕಡೆಯವರೇ. ಅವರು ಬೇಕೆಂದೇ ಒಟ್ಟಾಗಿ ತಪ್ಪು ಉತ್ತರ ಹೇಳುತ್ತಿದ್ದರು. ಈ ಒಬ್ಬನ ಸರದಿ ಕೊನೆಯ ಕಡೆಗೆ ಬರುತ್ತಿತ್ತು. ಪ್ರಯೋಗಕ್ಕೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪು ಉತ್ತರವನ್ನೇ ಹೇಳಿದರು. ಇಲ್ಲಿ ಪೊಲೀಸರಿಲ್ಲ, ದಂಡ ಇಲ್ಲ, ಬೆದರಿಕೆಯೂ ಇಲ್ಲ. ಪರಿಚಯವೇ ಇಲ್ಲದ ಕೆಲವರ ಮುಂದೆ ಒಂಟಿಯಾಗುವ ಮುಜುಗರ ಮಾತ್ರ.

ಪ್ರಯೋಗದ ಇಷ್ಟು ಭಾಗವನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಭಾಗ. ಗುಂಪಿನಲ್ಲಿ ಇನ್ನೊಬ್ಬ, ಒಬ್ಬನೇ ಒಬ್ಬ, ಸರಿಯಾದ ಉತ್ತರ ಹೇಳಿದರೆ ಏನಾಗುತ್ತದೆ ಎಂದು ಆಶ್ ನೋಡಿದರು. ಗುಂಪಿನ ಹಿಂದೆ ಹೋಗುವುದು ಧಡಾರನೆ ಕುಸಿಯಿತು. ಕೋಣೆಯಲ್ಲಿ ಬಹುಮತ ಈಗಲೂ ತಪ್ಪಿನ ಕಡೆಗೇ ಇತ್ತು. ಆದರೆ 'ನಾನೊಬ್ಬನೇ ಅಲ್ಲ' ಎಂದು ಗೊತ್ತಾದ ಕೂಡಲೇ ಜನ ತಮ್ಮ ಕಣ್ಣನ್ನು ತಾವು ನಂಬತೊಡಗಿದರು.

ಆಳುವವರಿಗೆ ಈ ಪ್ರಯೋಗದ ಹೆಸರು ಗೊತ್ತಿರಬೇಕಿಲ್ಲ. ಅನುಭವದಿಂದಲೇ ಅವರಿಗೆ ವಿಷಯ ಗೊತ್ತು. ಮೊದಲು ಎದ್ದು ನಿಂತವನು ತನ್ನ ಅಭಿಪ್ರಾಯವನ್ನಷ್ಟೇ ಹೇಳುತ್ತಿಲ್ಲ, ಸುಮ್ಮನೆ ಕೂತಿರುವ ನೂರಾರು ಜನರಿಗೆ 'ನೀವು ಒಂಟಿಯಲ್ಲ' ಎಂದೂ ಹೇಳುತ್ತಿದ್ದಾನೆ. ಅದಕ್ಕೇ ಅವನ ಬಾಯಿ ಬೇಗ ಮುಚ್ಚಿಸಬೇಕು. ಇಲ್ಲವೇ ಅವನನ್ನು ಹುಚ್ಚ, ಮಾರಿಕೊಂಡವ, ದ್ರೋಹಿ ಎಂದು ಕರೆದು ಅವನ ಜೊತೆ ನಿಲ್ಲುವುದೇ ನಾಚಿಕೆಗೇಡು ಅನ್ನುವಂತೆ ಮಾಡಬೇಕು.

ಕಾನೂನಿನ ಮಸುಕು ಪದಗಳು

ಸರ್ಕಾರದ ಕೈಲಿರುವ ಮೊದಲ ಸಾಧನ ಕಾನೂನು. ಅದರಲ್ಲಿ ಗಮನಿಸಬೇಕಾದದ್ದು ಶಿಕ್ಷೆಯ ಪ್ರಮಾಣಕ್ಕಿಂತ ಜಾಸ್ತಿ, ಪದಗಳ ಮಸುಕು. ಎಲ್ಲಿಯವರೆಗೆ ಮಾತಾಡಬಹುದು ಎಂದು ಸ್ಪಷ್ಟವಾಗಿ ಗೆರೆ ಎಳೆದರೆ ಜನ ಗೆರೆಯ ತನಕ ಬಂದು ನಿಲ್ಲುತ್ತಾರೆ. ಗೆರೆ ಎಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಬಹಳ ಹಿಂದೆಯೇ ನಿಂತುಬಿಡುತ್ತಾರೆ.

ಬ್ರಿಟಿಷರು 1870ರಲ್ಲಿ ಭಾರತದ ದಂಡ ಸಂಹಿತೆಗೆ ಸೇರಿಸಿದ ರಾಜದ್ರೋಹದ 124ಎ ಕಲಂ ಇದಕ್ಕೆ ಒಳ್ಳೆಯ ಉದಾಹರಣೆ. ಸರ್ಕಾರದ ವಿರುದ್ಧ ಅಪ್ರೀತಿ ಹುಟ್ಟಿಸುವುದು ಅಪರಾಧ ಎಂದು ಅದು ಹೇಳಿತು. ಅಪ್ರೀತಿ ಎಂದರೇನು? 1897ರಲ್ಲಿ ತಿಲಕರ ವಿಚಾರಣೆಯಲ್ಲಿ ನ್ಯಾಯಮೂರ್ತಿ ಸ್ಟ್ರೇಚಿ ಜ್ಯೂರಿಗೆ ಕೊಟ್ಟ ವಿವರಣೆಯ ಪ್ರಕಾರ, ಪ್ರೀತಿ ಇಲ್ಲದಿರುವುದೇ ಅಪ್ರೀತಿ. ಗಲಭೆ ಆಗಬೇಕಿಲ್ಲ, ಯಾರಿಗೂ ಪೆಟ್ಟು ಬೀಳಬೇಕಿಲ್ಲ. 1922ರಲ್ಲಿ ಅದೇ ಕಲಂ ಅಡಿ ಗಾಂಧೀಜಿ ಕಟಕಟೆಯಲ್ಲಿ ನಿಂತಾಗ, ಪ್ರೀತಿಯನ್ನು ಕಾನೂನಿನಿಂದ ಹುಟ್ಟಿಸಲು ಬರುವುದಿಲ್ಲ ಎಂದರು. ಆರು ವರ್ಷ ಶಿಕ್ಷೆಯಾಯಿತು. ಸ್ವತಂತ್ರ ಭಾರತವೂ ಆ ಕಲಂ ಅನ್ನು ಇಟ್ಟುಕೊಂಡಿತು. 1962ರಲ್ಲಿ ಕೇದಾರನಾಥ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹಿಂಸೆಗೆ, ಗಲಭೆಗೆ ಪ್ರಚೋದಿಸುವ ಮಾತಿಗಷ್ಟೇ ಸೀಮಿತಗೊಳಿಸಿತು. 2022ರ ಮೇ ತಿಂಗಳಲ್ಲಿ ಅದರ ಬಳಕೆಗೇ ತಡೆ ಹಾಕಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹೆಸರಿನ ಅಪರಾಧ ಇಲ್ಲ. ಆದರೆ ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಗಳ ಬಗ್ಗೆ 152ನೇ ಕಲಂ ಬಂದಿದೆ. ಅದು ಹಳೆಯದಕ್ಕಿಂತ ಸ್ಪಷ್ಟವೋ, ಇನ್ನೂ ಮಸುಕೋ ಎಂಬ ವಾದ ನಡೆದೇ ಇದೆ.

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ಇದಕ್ಕಿಂತ ಸಣ್ಣದು, ಆದರೆ ಕಥೆ ಇನ್ನೂ ವಿಚಿತ್ರ. ಇಂಟರ್ನೆಟ್‌ನಲ್ಲಿ ಇನ್ನೊಬ್ಬರಿಗೆ 'ಕಿರಿಕಿರಿ', 'ಅನನುಕೂಲ' ಮಾಡುವಂಥದ್ದನ್ನು ಹಾಕಿದರೂ ಅದರ ಅಡಿ ಕೇಸು ಬೀಳಬಹುದಿತ್ತು. 2012ರಲ್ಲಿ ಮುಂಬೈ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆದ ಒಬ್ಬ ಯುವತಿಯ ಬಂಧನವಾಯಿತು. ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳದ್ದೂ ಆಯಿತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಪೂರ್ತಿ ರದ್ದು ಮಾಡಿತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಸತ್ತ ಕಲಂ ಅಡಿ ಪೊಲೀಸರು ಇನ್ನೂ ಕೇಸು ಹಾಕುತ್ತಿದ್ದಾರೆ ಎಂದು 2021ರಲ್ಲಿ ಅದೇ ಕೋರ್ಟಿಗೆ ದೂರು ಹೋಯಿತು. ನ್ಯಾಯಮೂರ್ತಿಗಳು ದಂಗಾದರು. ಕೊನೆಗೆ ಈ ಕೇಸುಗಳು ಬಿದ್ದುಹೋಗುತ್ತವೆ, ನಿಜ. ಆದರೆ ಅಷ್ಟರಲ್ಲಿ ಬಂಧನ ಆಗಿರುತ್ತದೆ, ಫೋನ್ ಪೊಲೀಸರ ಕೈಲಿರುತ್ತದೆ, ವಕೀಲರ ಫೀಸು ಕಟ್ಟಿ ಆಗಿರುತ್ತದೆ. ಕೇಸು ಗೆಲ್ಲುವುದು ಹಾಕಿದವರ ಉದ್ದೇಶವೇ ಆಗಿರುವುದಿಲ್ಲ. ಅಲೆದಾಡಿಸುವುದೇ ಶಿಕ್ಷೆ.

ಹಣವಂತರು ಇದೇ ದಾರಿಯನ್ನು ಸಿವಿಲ್ ಕೋರ್ಟಿನ ಮೂಲಕ ಹಿಡಿಯುತ್ತಾರೆ. ಮಾಲ್ಟಾ ದೇಶದ ಪತ್ರಕರ್ತೆ ದಾಫ್ನೆ ಕರುವಾನಾ ಗಲಿಜಿಯಾ ಭ್ರಷ್ಟಾಚಾರದ ಬಗ್ಗೆ ಬರೆಯುತ್ತಿದ್ದರು. 2017ರ ಅಕ್ಟೋಬರ್ 16ರಂದು ಅವರ ಕಾರಿನಲ್ಲಿ ಬಾಂಬ್ ಇಟ್ಟು ಅವರನ್ನು ಕೊಂದರು. ಆ ದಿನ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ಅವರು ಸತ್ತ ಮೇಲೂ ಹಲವು ಮೊಕದ್ದಮೆ ನಿಲ್ಲಲಿಲ್ಲ, ಅವರ ಮನೆಯವರ ಹೆಗಲಿಗೆ ಬಂದವು. ಬಾಯಿ ಮುಚ್ಚಿಸಲೆಂದೇ ಹಾಕುವ ಇಂಥ ದಾವೆಗಳನ್ನು ಮೊದಲ ಹಂತದಲ್ಲೇ ವಜಾ ಮಾಡಲು ಅವಕಾಶ ಕೊಡುವ ನಿಯಮವನ್ನು ಐರೋಪ್ಯ ಒಕ್ಕೂಟ 2024ರಲ್ಲಿ ತಂದಿತು. ಅದನ್ನು ದಾಫ್ನೆ ಹೆಸರಿನಿಂದಲೇ ಕರೆಯುತ್ತಾರೆ.

ಪ್ರಜಾಪ್ರಭುತ್ವ ಇದ್ದರೆ ಇದೆಲ್ಲ ಆಗುವುದಿಲ್ಲ ಎಂದು ಅಂದುಕೊಳ್ಳುವುದು ಸುಲಭ. ಅಮೆರಿಕದ ಕಾರ್ಮಿಕ ನಾಯಕ ಯೂಜೀನ್ ಡೆಬ್ಸ್ 1918ರ ಜೂನ್‌ನಲ್ಲಿ ಒಹಾಯೊ ರಾಜ್ಯದಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದರು. ಮಾತನ್ನು ಅಳೆದು ತೂಗಿ ಆಡಬೇಕಾಗಿದೆ ಎಂದು ಆ ಭಾಷಣದಲ್ಲೇ ಹೇಳಿದ್ದರು. ಆದರೂ ಹತ್ತು ವರ್ಷ ಜೈಲು. ವಾಕ್ ಸ್ವಾತಂತ್ರ್ಯದ ತಿದ್ದುಪಡಿ ಇರುವ ದೇಶದ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ಎತ್ತಿಹಿಡಿಯಿತು. ಜೈಲಿನಿಂದಲೇ 1920ರ ಅಧ್ಯಕ್ಷ ಚುನಾವಣೆಗೆ ನಿಂತ ಡೆಬ್ಸ್‌ಗೆ 9 ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಯುದ್ಧ, ತುರ್ತು ಪರಿಸ್ಥಿತಿ, ಭಯೋತ್ಪಾದನೆ, ಸಾಂಕ್ರಾಮಿಕ ರೋಗ, ಇಂಥ ಹೊತ್ತಿನಲ್ಲಿ ಎಲ್ಲ ಬಗೆಯ ಸರ್ಕಾರಗಳಿಗೂ ಭಿನ್ನಮತ ಅಪಾಯವಾಗಿ ಕಾಣುತ್ತದೆ. ಜನರಿಗೂ ಹಾಗೇ ಕಾಣುತ್ತದೆ ಎಂಬುದು ಇನ್ನೂ ದೊಡ್ಡ ತೊಂದರೆ.

ಕೋರ್ಟಿನ ತನಕ ಹೋಗದ ಶಿಕ್ಷೆಗಳು

ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಲ್ಲಿ 'ನಿಷೇಧ' ಎಂಬ ಒಂದು ಆದೇಶ ಇತ್ತು. ಪತ್ರಿಕೆಯನ್ನೋ ಸಂಘವನ್ನೋ ನಿಷೇಧಿಸುವುದು ನಮಗೆ ಗೊತ್ತು. ಅಲ್ಲಿ ಮನುಷ್ಯರನ್ನೇ ನಿಷೇಧಿಸುತ್ತಿದ್ದರು. ಒಬ್ಬ ಮಂತ್ರಿಯ ಸಹಿ ಸಾಕು, ವಿಚಾರಣೆ ಬೇಡ. ನಿಷೇಧಕ್ಕೆ ಒಳಗಾದವನ ಮಾತನ್ನು ಪತ್ರಿಕೆಗಳು ಅಚ್ಚು ಹಾಕುವಂತಿಲ್ಲ. ಅವನು ಒಂದು ಊರು ಬಿಟ್ಟು ಹೋಗುವಂತಿಲ್ಲ, ಒಂದು ಹೊತ್ತಿಗೆ ಒಬ್ಬರಿಗಿಂತ ಹೆಚ್ಚು ಜನರ ಜೊತೆ ಕೂರುವಂತಿಲ್ಲ. ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಸ್ಟೀವ್ ಬಿಕೊ ಅವರನ್ನು 1973ರಲ್ಲಿ ಹೀಗೆ ನಿಷೇಧಿಸಿದರು. 1977ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ವಶದಲ್ಲೇ ಅವರು ಸತ್ತರು.

ಸೋವಿಯತ್ ಒಕ್ಕೂಟ ಇನ್ನೊಂದು ದಾರಿ ಕಂಡುಕೊಂಡಿತ್ತು. ವ್ಯವಸ್ಥೆಯನ್ನು ಸುಧಾರಿಸಬೇಕು ಎಂಬ ಹಟವೇ ಒಂದು ಕಾಯಿಲೆಯ ಲಕ್ಷಣ ಎಂದು ಅಲ್ಲಿನ ಕೆಲವು ಮನೋವೈದ್ಯರು ಬರೆದುಕೊಡುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ್ದ ಜನರಲ್ ಪ್ಯೋತರ್ ಗ್ರಿಗೊರೆಂಕೊ ಕ್ರಿಮಿಯಾದ ತಾತಾರ ಜನಾಂಗದ ಹಕ್ಕಿನ ಪರ ಮಾತಾಡಿದರು. ಅವರನ್ನು ಹುಚ್ಚಾಸ್ಪತ್ರೆಗೆ ಹಾಕಿದರು. ಸೆಮ್ಯೋನ್ ಗ್ಲುಜ್‌ಮನ್ ಎಂಬ ಯುವ ಮನೋವೈದ್ಯ ಅವರಿಗೆ ಏನೂ ಆಗಿಲ್ಲ, ಅವರ ತಲೆ ಸರಿಯಾಗಿಯೇ ಇದೆ ಎಂದು ವರದಿ ಬರೆದರು. ಆ ವೈದ್ಯರಿಗೆ ಏಳು ವರ್ಷ ಶಿಕ್ಷೆಯಾಯಿತು. ಜೈಲಿಗೆ ಹೋದವನು ಹೀರೋ ಆಗಬಹುದು. ಹುಚ್ಚ ಎಂಬ ಪಟ್ಟ ಕಟ್ಟಿದರೆ ಅವನ ಮಾತಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ಮತ್ತೆ ಸ್ಟಾಸಿಗೆ ಬರೋಣ, ಯಾಕೆಂದರೆ ಈ ವಿದ್ಯೆಯಲ್ಲಿ ಅವರಷ್ಟು ನುರಿತವರು ಕಡಿಮೆ. 1975ರಲ್ಲಿ ಪೂರ್ವ ಜರ್ಮನಿ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿತು. ಮಾನವ ಹಕ್ಕುಗಳನ್ನು ಗೌರವಿಸುತ್ತೇವೆ ಎಂದು ಹೊರಜಗತ್ತಿಗೆ ತೋರಿಸಬೇಕಿತ್ತು. ಬಂಧನಗಳು ಜಾಸ್ತಿ ಸುದ್ದಿಯಾದರೆ ಮರ್ಯಾದೆ ಹೋಗುತ್ತದೆ. ಹಾಗಾಗಿ 1976ರಲ್ಲಿ ಒಂದು ಒಳಸುತ್ತೋಲೆ ಹೊರಟಿತು. ಭಿನ್ನಮತೀಯರನ್ನು ಹಿಡಿಯುವ ಬದಲು ಅವರ ಬದುಕನ್ನು ಒಳಗಿಂದಲೇ ಕೊಳೆಸಿ ಎಂಬುದು ಅದರ ಸಾರ. ಒಬ್ಬನ ಬಗ್ಗೆ ಅರ್ಧ ನಿಜ ಅರ್ಧ ಸುಳ್ಳು ಬೆರೆಸಿ ಗಾಳಿಸುದ್ದಿ ಹಬ್ಬಿಸುವುದು. ಹೆಂಡತಿಗೆ ಅನಾಮಧೇಯ ಪತ್ರ ಬರೆಯುವುದು. ಕೆಲಸದಲ್ಲಿ ಬಡ್ತಿ ಸಿಗದಂತೆ, ಕೈ ಹಾಕಿದ್ದೆಲ್ಲ ಕೆಡುವಂತೆ ನೋಡಿಕೊಳ್ಳುವುದು. 'ಇವನೇ ನಮ್ಮ ಮಾಹಿತಿದಾರ' ಎಂದು ಅವನ ಗೆಳೆಯರಿಗೆ ಅನುಮಾನ ಬರುವಂತೆ ಮಾಡುವುದು. ಮನೆಯಲ್ಲಿ ಯಾರೂ ಇಲ್ಲದಾಗ ನುಗ್ಗಿ, ಏನನ್ನೂ ಕದಿಯದೆ, ಸಾಮಾನುಗಳ ಜಾಗ ಮಾತ್ರ ಬದಲಿಸಿ ಬರುವುದೂ ನಡೆಯುತ್ತಿತ್ತು. ಇದನ್ನು ಯಾರಿಗಾದರೂ ಹೇಳಿಕೊಂಡರೆ ಏನನ್ನುತ್ತಾರೆ? ನಿನಗೆ ಭ್ರಮೆ ಅನ್ನುತ್ತಾರೆ. 1989ರಲ್ಲಿ ಆ ವ್ಯವಸ್ಥೆ ಕುಸಿದ ನಂತರ ತಮ್ಮ ಕಡತ ತೆರೆದು ಓದಿದಾಗಲೇ ಎಷ್ಟೋ ಜನರಿಗೆ ತಮ್ಮ ಮದುವೆ ಯಾಕೆ ಮುರಿಯಿತು, ಕೆಲಸ ಯಾಕೆ ಹೋಯಿತು ಎಂದು ಗೊತ್ತಾದದ್ದು.

ಈ ವಿಧಾನ ಕೆಲಸ ಮಾಡಿದ್ದು ಸಮಾಜದ ಸಹಾಯದಿಂದ. ಗಾಳಿಸುದ್ದಿ ಹುಟ್ಟಿಸಿದ್ದು ಇಲಾಖೆ. ಅದನ್ನು ಬಾಯಿಂದ ಬಾಯಿಗೆ ದಾಟಿಸಿದವರು, ಮಾತು ಬಿಟ್ಟವರು, ಮನೆಗೆ ಬರಬೇಡ ಎಂದವರು ಸಾಮಾನ್ಯ ಜನ.

ಸಮಾಜಕ್ಕೆ ಜೈಲು ಬೇಕಿಲ್ಲ

ಸಾಕ್ರೆಟಿಸ್‌ಗೆ ವಿಷ ಕುಡಿಸಿದ್ದು ರಾಜನಲ್ಲ. ಕ್ರಿ.ಪೂ. 399ರಲ್ಲಿ ಅಥೆನ್ಸ್‌ನಲ್ಲಿ ಪ್ರಜಾಪ್ರಭುತ್ವ ಇತ್ತು. ಸುಮಾರು 500 ಸಾಮಾನ್ಯ ನಾಗರಿಕರ ಜ್ಯೂರಿ ಮತ ಹಾಕಿ ಅವನನ್ನು ತಪ್ಪಿತಸ್ಥ ಎಂದಿತು. 1859ರಲ್ಲಿ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಇದೇ ವಿಷಯ ಎತ್ತಿದ. ಸಮಾಜದ ದಬ್ಬಾಳಿಕೆ ಸರ್ಕಾರದ್ದಕ್ಕಿಂತ ಘೋರವಾಗಬಹುದು, ಅದರಿಂದ ತಪ್ಪಿಸಿಕೊಳ್ಳುವ ದಾರಿಗಳು ಕಡಿಮೆ, ಅದು ಬದುಕಿನ ಸಣ್ಣಪುಟ್ಟ ವಿವರಗಳ ಒಳಗೂ ನುಗ್ಗುತ್ತದೆ ಎಂಬುದು ಅವನ ವಾದ. ಸರಿಯೇ ಅನ್ನಿಸುತ್ತದೆ. ಪೊಲೀಸರು ಮನೆಯ ಬಾಗಿಲ ತನಕ ಬರುತ್ತಾರೆ. ಸಮಾಜ ಊಟದ ಹೊತ್ತಿನಲ್ಲಿ ಮನೆಯವರ ರೂಪದಲ್ಲೇ ಎದುರಿಗೆ ಕೂತಿರುತ್ತದೆ. ಬಹಿಷ್ಕಾರ, ಮದುವೆಗೆ ಕರೆಯದಿರುವುದು, ಬಾಡಿಗೆಗೆ ಮನೆ ಕೊಡದಿರುವುದು, 'ನಿನ್ನಿಂದ ನಮಗೆಲ್ಲ ಕೆಟ್ಟ ಹೆಸರು' ಎಂಬ ಗೋಳಾಟ. ಇವುಗಳ ಮೇಲೆ ಯಾವ ಕೋರ್ಟಿಗೆ ಮೇಲ್ಮನವಿ ಹಾಕುವುದು?

ಸಮಾಜದ ಒತ್ತಡ ಹೇಗೆ ತಾನಾಗಿ ಬೆಳೆಯುತ್ತದೆ ಎಂಬುದನ್ನು ಜರ್ಮನಿಯ ಎಲಿಜಬೆತ್ ನೋಯೆಲ್-ನ್ಯೂಮನ್ 1974ರಲ್ಲಿ ವಿವರಿಸಿದರು. ಸುತ್ತಲಿನವರು ಏನು ಯೋಚಿಸುತ್ತಾರೆ ಎಂದು ನಾವು ಸದಾ ಅಂದಾಜು ಮಾಡುತ್ತಿರುತ್ತೇವೆ. ನಮ್ಮ ಅಭಿಪ್ರಾಯದವರು ಕಡಿಮೆ ಅನ್ನಿಸಿದರೆ ಸುಮ್ಮನಾಗುತ್ತೇವೆ. ನಾವು ಸುಮ್ಮನಾದದ್ದರಿಂದ ನಮ್ಮ ಅಭಿಪ್ರಾಯದವರು ಇನ್ನೂ ಕಡಿಮೆ ಇರುವಂತೆ ಕಾಣುತ್ತದೆ. ಅದನ್ನು ನೋಡಿ ಇನ್ನೊಬ್ಬ ಸುಮ್ಮನಾಗುತ್ತಾನೆ. ಕೊನೆಗೆ ಜೋರಾಗಿ ಕೂಗುವ ಒಂದು ಸಣ್ಣ ಗುಂಪೇ ಇಡೀ ಸಮಾಜದ ದನಿ ಎಂಬಂತಾಗುತ್ತದೆ. ಆ ಗುಂಪಿನವರೂ ತಾವು ಬಹುಮತ ಎಂದೇ ನಂಬಿರುತ್ತಾರೆ.

ಸರ್ಕಾರ ಮತ್ತು ಸಮಾಜ ಕೂಡಿ ನಡೆಸಿದ ಕೆಲಸ ನೋಡಬೇಕಾದರೆ ತಮಿಳು ಲೇಖಕ ಪೆರುಮಾಳ್ ಮುರುಗನ್ ಅವರ ಪ್ರಕರಣ ನೋಡಬೇಕು. ಅವರ ಒಂದು ಕಾದಂಬರಿಯ ಬಗ್ಗೆ, ಅದು ಪ್ರಕಟವಾಗಿ ನಾಲ್ಕು ವರ್ಷದ ಮೇಲೆ, 2014ರ ಕೊನೆಯಲ್ಲಿ ಸ್ಥಳೀಯ ಜಾತಿ, ಧರ್ಮದ ಗುಂಪುಗಳು ಗಲಾಟೆ ಎಬ್ಬಿಸಿದವು. ಪುಸ್ತಕ ಸುಟ್ಟರು, ಬಂದ್ ಮಾಡಿದರು. ಸರ್ಕಾರ ಪುಸ್ತಕ ನಿಷೇಧಿಸಲಿಲ್ಲ, ಲೇಖಕರನ್ನು ಬಂಧಿಸಲೂ ಇಲ್ಲ. ಜಿಲ್ಲೆಯ ಅಧಿಕಾರಿಗಳು 'ಶಾಂತಿ ಸಭೆ' ಕರೆದರು, ಅಷ್ಟೇ. ಆ ಸಭೆಯಲ್ಲಿ ಲೇಖಕರಿಂದ ಬೇಷರತ್ ಕ್ಷಮಾಪಣೆ ಬರೆಸಿಕೊಂಡರು. 2015ರ ಜನವರಿಯಲ್ಲಿ ಅವರು ತಮ್ಮೊಳಗಿನ ಲೇಖಕ ಸತ್ತಿದ್ದಾನೆ ಎಂದು ಪ್ರಕಟಿಸಿ ಬರವಣಿಗೆ ನಿಲ್ಲಿಸಿದರು. ಒಂದೂವರೆ ವರ್ಷದ ಮೇಲೆ ಮದ್ರಾಸ್ ಹೈಕೋರ್ಟ್ ಆ ಸಭೆಯ ಒಪ್ಪಂದಕ್ಕೆ ಬೆಲೆ ಇಲ್ಲ ಎಂದಿತು. ಇಷ್ಟವಿಲ್ಲದವರು ಪುಸ್ತಕ ಮುಚ್ಚಿಡಲಿ, ಲೇಖಕ ಮತ್ತೆ ಬರೆಯಲಿ ಎಂದಿತು. ಆ ಶಾಂತಿ ಸಭೆಯ ತರ್ಕ ಗಮನಿಸಿ. ಕಲ್ಲು ಹಿಡಿದು ನಿಂತವರನ್ನು ಚದುರಿಸುವುದು ಕಷ್ಟ, ಪೆನ್ನು ಹಿಡಿದವನ ಕೈಲಿ ಸಹಿ ಹಾಕಿಸುವುದು ಸುಲಭ. ಹಾಗಾಗಿ ಶಾಂತಿಯ ಹೊಣೆ ಬರೆದವನ ಮೇಲೇ ಬೀಳುತ್ತದೆ. ಗದ್ದಲ ಮಾಡಿದರೆ ಕೆಲಸ ಆಗುತ್ತದೆ ಎಂಬ ಪಾಠ ಮುಂದಿನ ಗುಂಪಿಗೂ ಸಿಗುತ್ತದೆ.

ತಡೆಯುವುದರ ಬದಲು ಮುಳುಗಿಸುವುದು

ಇಂಟರ್ನೆಟ್ ಬಂದಾಗ ಇನ್ನು ಯಾರ ಬಾಯನ್ನೂ ಮುಚ್ಚಲಾಗದು ಎಂದು ಬಹಳ ಜನ ನಂಬಿದ್ದರು. ಆಳುವವರು ಬೇಗ ಕಲಿತರು. ಚೀನಾದಲ್ಲಿ ಯಾವ ಪೋಸ್ಟ್‌ಗಳನ್ನು ಅಳಿಸುತ್ತಾರೆ ಎಂದು ಹಾರ್ವರ್ಡ್‌ನ ಗ್ಯಾರಿ ಕಿಂಗ್ ಮತ್ತು ಜೊತೆಯವರು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಸರ್ಕಾರವನ್ನು ಬೈದ ಪೋಸ್ಟ್‌ಗಳು ಎಷ್ಟೋ ಹಾಗೇ ಉಳಿದಿದ್ದವು. ಜನ ಒಂದು ಕಡೆ ಸೇರುವ ಸಾಧ್ಯತೆ ಇದ್ದ ಪೋಸ್ಟ್‌ಗಳು ಮಾಯವಾಗುತ್ತಿದ್ದವು, ಅವು ಸರ್ಕಾರದ ಪರವಾಗಿದ್ದರೂ ಸರಿ. ಒಬ್ಬನ ಬೈಗುಳದಿಂದ ತೊಂದರೆ ಇಲ್ಲ. ಒಬ್ಬ ಇನ್ನೊಬ್ಬನನ್ನು ಕಂಡುಕೊಳ್ಳುವುದರಿಂದ ತೊಂದರೆ. ಆಶ್ ಅವರ ಕೋಣೆಯಲ್ಲಿ ಕಂಡದ್ದೇ ಇಲ್ಲಿ ದೇಶದ ಗಾತ್ರಕ್ಕೆ ಬೆಳೆದಿದೆ.

ಇದೇ ತಂಡ 2017ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು. ಚೀನಾ ಸರ್ಕಾರದ ಕಡೆಯವರು ಸಾಮಾನ್ಯ ಜನರ ಸೋಗಿನಲ್ಲಿ ವರ್ಷಕ್ಕೆ ಸುಮಾರು 44.8 ಕೋಟಿ ಪೋಸ್ಟ್ ಬರೆಯುತ್ತಾರೆ ಎಂಬುದು ಅವರ ಅಂದಾಜು. ಇವು ಟೀಕಾಕಾರರ ಜೊತೆ ವಾದಕ್ಕಿಳಿಯುವುದಿಲ್ಲ. ದೇಶದ ಹಿರಿಮೆ, ಒಳ್ಳೆಯ ಸುದ್ದಿ ಎಂದು ಬೇರೆಯದನ್ನೇ ಸುರಿದು ಮಾತು ತಿರುಗಿಸುತ್ತವೆ. ಬೇರೆ ಕಡೆ ಇದೇ ಕೆಲಸವನ್ನು ಟ್ರೋಲ್ ಪಡೆಗಳು ಬೈಗುಳದಿಂದ ಮಾಡುತ್ತವೆ. ಒಬ್ಬರು ಒಂದು ಸಾಲು ಬರೆದರೆ ಸಾವಿರ ಕೊಳಕು ಉತ್ತರ, ಮನೆಯವರ ಫೋಟೊ, ಅತ್ಯಾಚಾರದ ಬೆದರಿಕೆ. ಅದರಲ್ಲೂ ಹೆಂಗಸರಿಗೆ. ಇದನ್ನು ಮಾಡಿಸಿದವರು ಯಾರು ಎಂದು ಕೇಳಿದರೆ 'ಜನರ ಸಹಜ ಆಕ್ರೋಶ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ಎಲ್ಲ ವಿರೋಧವೂ ಬಾಯಿ ಮುಚ್ಚಿಸುವುದೇ?

ಅಲ್ಲ. ಇಲ್ಲಿ ಬಹಳ ಗೊಂದಲ ಇದೆ. ನನ್ನ ಮಾತನ್ನು ನೀವು ಖಾರವಾಗಿ ಟೀಕಿಸಿದರೆ, ನಕ್ಕರೆ, ಓದುವುದೇ ಇಲ್ಲ ಎಂದರೆ ಅದು ನಿಮ್ಮ ಹಕ್ಕು. ನನಗೆ ಬೇಸರವಾಗಬಹುದು, ನನ್ನ ಬಾಯಿಯನ್ನೇನೂ ಯಾರೂ ಮುಚ್ಚಿಸಲಿಲ್ಲ. ನನ್ನ ಕೆಲಸ ಕಿತ್ತುಕೊಳ್ಳಲು, ಮನೆ ಖಾಲಿ ಮಾಡಿಸಲು, ಮೈಮೇಲೆ ಕೈ ಮಾಡಲು ಹೊರಟಾಗ ಗೆರೆ ದಾಟಿತು. ಮಾತಿಗೆ ಮಾತು ಒಂದು, ಮಾತಿಗೆ ಹೊಟ್ಟೆಪಾಡಿನ ಮೇಲೆ ಹೊಡೆತ ಇನ್ನೊಂದು. ನಡುವೆ ತೀರ್ಮಾನಿಸಲು ಕಷ್ಟವಾದ ಪ್ರಕರಣಗಳು ಬೇಕಾದಷ್ಟಿವೆ. ಒಂದು ಕಂಪನಿಯ ಸಾಮಾನು ಕೊಳ್ಳಬೇಡಿ ಎಂದು ಕರೆ ಕೊಡುವುದು ಎಷ್ಟೋ ಬಾರಿ ದುರ್ಬಲರ ಕೈಲಿರುವ ಒಂದೇ ಅಸ್ತ್ರ. ಅದೇ ಅಸ್ತ್ರವನ್ನು ಒಬ್ಬ ಬಡ ಲೇಖಕನ ಮೇಲೆ ಸಾವಿರ ಜನ ತಿರುಗಿಸಿದರೆ ಕಥೆ ಬೇರೆ. ಯಾರ ಬಲ ಎಷ್ಟು ಎಂದು ನೋಡದೆ ಇಲ್ಲಿ ಒಂದೇ ಉತ್ತರ ಕೊಡಲು ಬರುವುದಿಲ್ಲ.

ಎಲ್ಲ ಮಾತಿಗೂ ಕಾನೂನಿನ ರಕ್ಷಣೆ ಇರಬೇಕು ಎಂದೂ ಅಲ್ಲ. 'ಆ ಮನೆಗೆ ಬೆಂಕಿ ಹಚ್ಚಿ' ಎಂದು ಗುಂಪಿಗೆ ಹೇಳುವುದು ಭಿನ್ನಮತ ಅಲ್ಲ. 1969ರ ಬ್ರಾಂಡೆನ್‌ಬರ್ಗ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಟ್ಟ ಅಳತೆ ನನಗೆ ಒಪ್ಪಿಗೆಯಾಗುತ್ತದೆ. ಕೂಡಲೇ ಕಾನೂನು ಮುರಿಯುವಂತೆ ಮಾಡುವ ಉದ್ದೇಶ ಮಾತಿನಲ್ಲಿರಬೇಕು, ಅದರಿಂದ ಹಾಗೆ ಆಗುವ ಸಂಭವವೂ ಇರಬೇಕು. ಎರಡೂ ಇದ್ದರೆ ಮಾತ್ರ ಶಿಕ್ಷೆ. 'ಭಾವನೆಗೆ ಧಕ್ಕೆ' ಎಂಬ ಅಳತೆಗಿಂತ ಇದು ಎಷ್ಟೋ ಮೇಲು. ಧಕ್ಕೆ ಆಗಿದೆಯೋ ಇಲ್ಲವೋ ಎಂದು ಹೇಳುವವನು ದೂರು ಕೊಟ್ಟವನೇ ತಾನೇ.

ಆಳುವವರ ಕಿವಿಗೂ ಹತ್ತಿ

ಬಾಯಿ ಮುಚ್ಚಿಸಿದವರಿಗೂ ಇದರ ನಷ್ಟ ತಟ್ಟುತ್ತದೆ. 1959ರ ಜುಲೈನಲ್ಲಿ ಚೀನಾದ ಲುಶಾನ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ನಾಯಕರ ಸಭೆ ನಡೆಯುತ್ತಿತ್ತು. ಕೃಷಿ, ಕೈಗಾರಿಕೆಗಳನ್ನು ದಿಢೀರನೆ ಬೆಳೆಸಲು ಹೊರಟ ಮಾವೋನ 'ಮಹಾ ಜಿಗಿತ' ಯೋಜನೆ ಶುರುವಾಗಿ ಒಂದು ವರ್ಷ ದಾಟಿತ್ತು. ಹಳ್ಳಿಗಳಿಂದ ಬರುತ್ತಿದ್ದ ಬೆಳೆಯ ಲೆಕ್ಕಗಳು ನಂಬಲಾಗದಷ್ಟು ಉಬ್ಬಿದ್ದವು. ರಕ್ಷಣಾ ಮಂತ್ರಿ ಪೆಂಗ್ ದೆಹುವಾಯ್ ಮಾವೋನ ಹಳೆಯ ಒಡನಾಡಿ. ಲೆಕ್ಕಗಳಲ್ಲಿ ಉತ್ಪ್ರೇಕ್ಷೆ ಇದೆ, ಯೋಜನೆಯಲ್ಲಿ ತಪ್ಪುಗಳಾಗಿವೆ ಎಂದು ಅವನು ಮಾವೋಗೆ ಖಾಸಗಿಯಾಗಿ ಒಂದು ಪತ್ರ ಬರೆದ. ಮಾವೋ ಅದನ್ನು ಅಚ್ಚು ಹಾಕಿಸಿ ಸಭೆಯಲ್ಲಿ ಹಂಚಿಸಿದ. ಪೆಂಗ್ ಪಕ್ಷವಿರೋಧಿ ಕೂಟದ ನಾಯಕ ಎನಿಸಿಕೊಂಡು ಪದವಿ ಕಳೆದುಕೊಂಡ. ಮಂತ್ರಿಗೇ ಹೀಗಾದರೆ ಜಿಲ್ಲೆಯ ಅಧಿಕಾರಿ ಏನು ಮಾಡಿಯಾನು? ಎಲ್ಲರೂ ಇನ್ನೂ ದೊಡ್ಡ ಲೆಕ್ಕ ಕಳಿಸಿದರು. ಆ ಲೆಕ್ಕದ ಪ್ರಕಾರ ಸರ್ಕಾರ ಹಳ್ಳಿಗಳಿಂದ ಧಾನ್ಯ ಎತ್ತಿಕೊಂಡಿತು. ಇಲ್ಲದ ಬೆಳೆಯ ಪಾಲು ಕೊಟ್ಟ ರೈತರ ಬಳಿ ತಿನ್ನಲು ಉಳಿಯಲಿಲ್ಲ. 1961ರ ಹೊತ್ತಿಗೆ ಸತ್ತವರ ಸಂಖ್ಯೆ ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಎಂದು ಇತಿಹಾಸಕಾರರು ಬೇರೆ ಬೇರೆ ಅಂದಾಜು ಕೊಡುತ್ತಾರೆ. ಸ್ವತಂತ್ರ ಪತ್ರಿಕೆಗಳು, ಚುನಾವಣೆ ಇರುವ ದೇಶಗಳಲ್ಲಿ ದೊಡ್ಡ ಕ್ಷಾಮ ಬಂದಿಲ್ಲ ಎಂದು ಅಮರ್ತ್ಯ ಸೇನ್ ಹೇಳಿದ್ದು ಇಂಥ ಚರಿತ್ರೆಯನ್ನು ನೋಡಿಯೇ.

ಜನ ಏನು ಯೋಚಿಸುತ್ತಿದ್ದಾರೆ ಎಂಬುದೂ ಆಳುವವರಿಗೆ ತಿಳಿಯದೆ ಹೋಗುತ್ತದೆ. 1989ರ ಡಿಸೆಂಬರ್ 21ರಂದು ರೊಮೇನಿಯಾದ ಸರ್ವಾಧಿಕಾರಿ ಚೌಶೆಸ್ಕು ರಾಜಧಾನಿ ಬುಕಾರೆಸ್ಟ್‌ನಲ್ಲಿ ತನ್ನ ಬೆಂಬಲಕ್ಕೆ ದೊಡ್ಡ ಸಭೆ ಕರೆದ. ಕಾರ್ಖಾನೆಗಳಿಂದ ಜನರನ್ನು ಕರೆತಂದಿದ್ದರು, ಟಿವಿಯಲ್ಲಿ ನೇರ ಪ್ರಸಾರ ಇತ್ತು. ಭಾಷಣದ ನಡುವೆ ಎಲ್ಲಿಂದಲೋ ಕೂಗು ಎದ್ದಿತು. ಅದು ಹರಡಿತು. ಅವನ ಮುಖದ ಮೇಲಿನ ಗಲಿಬಿಲಿಯನ್ನು ದೇಶವೇ ನೋಡಿತು. ಮರುದಿನ ಹೆಲಿಕಾಪ್ಟರ್‌ನಲ್ಲಿ ಓಡಿದ. 25ರಂದು ಗುಂಡಿಗೆ ಬಲಿಯಾದ. ಅರ್ಥಶಾಸ್ತ್ರಜ್ಞ ತಿಮೂರ್ ಕುರಾನ್ ಇಂಥ ದಿಢೀರ್ ಕುಸಿತಗಳನ್ನು ಅಧ್ಯಯನ ಮಾಡಿದವರು. ಎಲ್ಲರೂ ಮನಸ್ಸಿನ ಮಾತು ಬಚ್ಚಿಟ್ಟು ಹೊರಗೆ ಜೈಕಾರ ಹಾಕುವ ದೇಶದಲ್ಲಿ ಅಸಮಾಧಾನ ಎಷ್ಟಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಅಸಮಾಧಾನ ಇರುವವರಿಗೂ ಗೊತ್ತಿರುವುದಿಲ್ಲ. ಹಾಗಾಗಿ ವ್ಯವಸ್ಥೆ ಬೀಳುವ ಹಿಂದಿನ ದಿನದವರೆಗೂ ಗಟ್ಟಿಯಾಗಿಯೇ ಕಾಣುತ್ತದೆ.

ಈ ಅಪಾಯ ಗೊತ್ತಿದ್ದ ಕೆಲವು ಸಂಸ್ಥೆಗಳು ಭಿನ್ನಮತಕ್ಕೆ ಒಳಗೇ ಜಾಗ ಮಾಡಿಕೊಂಡವು. ಕ್ಯಾಥೋಲಿಕ್ ಚರ್ಚ್ 1587ರಲ್ಲಿ ಒಂದು ಹುದ್ದೆಯನ್ನೇ ಸೃಷ್ಟಿಸಿತು. ಯಾರನ್ನಾದರೂ ಸಂತರೆಂದು ಘೋಷಿಸುವ ಮುಂಚೆ ಅವರ ವಿರುದ್ಧ ಸಿಗುವ ವಾದಗಳನ್ನೆಲ್ಲ ಮಂಡಿಸುವುದು ಆ ವ್ಯಕ್ತಿಯ ಕೆಲಸ. ಸಂಬಳ ಕೊಟ್ಟು ಸಾಕಿದ ವಿರೋಧಿ! 1983ರಲ್ಲಿ ಆ ಹುದ್ದೆಯ ಬಲ ತಗ್ಗಿಸಿದರು. ಅದನ್ನು ತಗ್ಗಿಸಿದ ಪೋಪ್ ಎರಡನೇ ಜಾನ್ ಪಾಲ್ ಅವರೊಬ್ಬರ ಕಾಲದಲ್ಲೇ 482 ಜನ ಸಂತರಾದರು. ಅಮೆರಿಕದ ವಿದೇಶಾಂಗ ಇಲಾಖೆಯಲ್ಲಿ ವಿಯೆಟ್ನಾಂ ಯುದ್ಧದ ಕಾಲದಿಂದ, 1971ರಿಂದ, ಒಂದು ಅಧಿಕೃತ ದಾರಿ ಇದೆ. ಸರ್ಕಾರದ ನೀತಿ ತಪ್ಪು ಎಂದು ಅನ್ನಿಸಿದ ಅಧಿಕಾರಿ ಅದರ ಮೂಲಕ ಬರೆಯಬಹುದು, ಬರೆದದ್ದಕ್ಕೆ ಸೇಡು ತೀರಿಸಿಕೊಳ್ಳುವಂತಿಲ್ಲ ಎಂಬ ನಿಯಮವೂ ಇದೆ. ಆದರೂ 2017ರಲ್ಲಿ ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳ ಜನರಿಗೆ ಪ್ರವೇಶ ತಡೆದದ್ದನ್ನು ವಿರೋಧಿಸಿ ನೂರಾರು ಅಧಿಕಾರಿಗಳು ಸಹಿ ಹಾಕಿದಾಗ, ಒಪ್ಪಿದರೆ ಇರಲಿ, ಇಲ್ಲದಿದ್ದರೆ ಹೋಗಲಿ ಎಂಬ ಧಾಟಿಯ ಮಾತು ಶ್ವೇತಭವನದ ವಕ್ತಾರರಿಂದ ಬಂತು.

ಕೋರ್ಟುಗಳ ಪದ್ಧತಿ ಇವಕ್ಕಿಂತ ಗಟ್ಟಿ. ಪೀಠದಲ್ಲಿ ಒಪ್ಪದ ನ್ಯಾಯಮೂರ್ತಿ ತನ್ನ ತೀರ್ಪನ್ನು ಬೇರೆಯಾಗಿ ಬರೆಯುತ್ತಾನೆ, ಅದು ಬಹುಮತದ ತೀರ್ಪಿನ ಜೊತೆಗೇ ಅಚ್ಚಾಗುತ್ತದೆ. ತುರ್ತು ಪರಿಸ್ಥಿತಿಯಲ್ಲಿ, 1976ರ ಏಪ್ರಿಲ್ 28ರಂದು, ವಿಚಾರಣೆ ಇಲ್ಲದೆ ಬಂಧಿತರಾದವರು ಕೋರ್ಟಿಗೂ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು. 2017ರ ಆಗಸ್ಟ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ತೀರ್ಪು ತಪ್ಪು, ಖನ್ನಾ ಹೇಳಿದ್ದು ಸರಿ ಎಂದಿತು. ಅದನ್ನು ಬರೆದ ಡಿ.ವೈ. ಚಂದ್ರಚೂಡ್ ಅವರ ತಂದೆ ವೈ.ವಿ. ಚಂದ್ರಚೂಡ್, 1976ರ ಆ ನಾಲ್ವರಲ್ಲಿ ಒಬ್ಬರು.

ಇದೇ ಪದ್ಧತಿ ಸಣ್ಣ ಪ್ರಮಾಣದಲ್ಲಿ ಬೇರೆ ಕಡೆಯೂ ಇದೆ. ಭಾರತದ 2013ರ ಕಂಪನಿ ಕಾಯ್ದೆಯ ಪ್ರಕಾರ ನಿರ್ದೇಶಕ ಮಂಡಳಿಯ ಸಭೆಯ ನಡಾವಳಿಯಲ್ಲಿ, ನಿರ್ಣಯವನ್ನು ಒಪ್ಪದ ನಿರ್ದೇಶಕರ ಹೆಸರು ಬರೆಯಲೇಬೇಕು. ಸಂಘ, ಸಮಿತಿ, ಸೊಸೈಟಿಗಳಲ್ಲೂ 'ನನ್ನ ವಿರೋಧವನ್ನು ನಡಾವಳಿಯಲ್ಲಿ ದಾಖಲಿಸಿ' ಎಂದು ಸದಸ್ಯರು ಕೇಳಬಹುದು. ಹಾಗೆ ಕೇಳಿದಾಗ ಅಧ್ಯಕ್ಷರ ಮುಖ ಸ್ವಲ್ಪ ಗಂಟಿಕ್ಕುತ್ತದೆ, ನಿರ್ಣಯವೂ ಪಾಸಾಗುತ್ತದೆ. ಆದರೆ 'ಸರ್ವಾನುಮತದಿಂದ' ಎಂದು ಬರೆಯಲು ಆಗುವುದಿಲ್ಲ.